ಕಲಾ ನಿರ್ದೇಶಕರಾಗಬೇಕೆ? ಮೊದಲು ಟೇಪು ಹಿಡಿಯಿರಿ

ಚಿತ್ರ ಬಿಡಿಸಲು ಬರುತ್ತದೆ ಎಂಬ ಧೈರ್ಯದ ಮೇಲೆ ಸಿನಿಮಾದ ಕಲಾ ವಿಭಾಗಕ್ಕೆ ಬರುವವರು ಬಹಳ. ಕೈ ಚೆನ್ನಾಗಿದ್ದರೆ ಒಳ್ಳೆಯದೇ. ಆದರೆ ಸೆಟ್ ನಿಲ್ಲುವುದು ಅಳತೆಯ ಮೇಲೆ, ಅದನ್ನು ನೋಡುವುದು ಲೆನ್ಸು.

ದೊಡ್ಡ ಚಿತ್ರಗಳಲ್ಲಿ ಒಟ್ಟು ನೋಟ ಹೇಗಿರಬೇಕೆಂದು ತೀರ್ಮಾನಿಸುವವರು ಪ್ರೊಡಕ್ಷನ್ ಡಿಸೈನರ್. ಅದನ್ನು ನಕ್ಷೆ, ಮರ, ಬಣ್ಣ, ಖರ್ಚುಗಳಾಗಿ ಇಳಿಸುವವರು ಕಲಾ ನಿರ್ದೇಶಕರು. ಸಣ್ಣ ಚಿತ್ರದಲ್ಲಿ ಎರಡೂ ಒಬ್ಬರ ತಲೆಗೇ ಬೀಳುತ್ತವೆ. ಆಸ್ಕರ್‌ನಲ್ಲೂ ಈ ಕೆಲಸಕ್ಕೆ ಕೊಡುವ ಪ್ರಶಸ್ತಿಗೆ ಬಹುಕಾಲ ‘ಆರ್ಟ್ ಡೈರೆಕ್ಷನ್’ ಎಂದೇ ಹೆಸರಿತ್ತು; ‘ಪ್ರೊಡಕ್ಷನ್ ಡಿಸೈನ್’ ಎಂದು ಬದಲಾದದ್ದು 2012ರಲ್ಲಿ.

ಚಿತ್ರಕಥೆ ಬಿಡಿಸುವುದು

ಮೊದಲ ಸಲ ಕಥೆಗಾಗಿ ಓದಿ, ಪೆನ್ನು ಮುಟ್ಟಬೇಡಿ. ಎರಡನೇ ಸಲ ಪ್ರತಿ ದೃಶ್ಯಕ್ಕೂ ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ, ಯಾವ ಜಾಗ, ಯಾರ ಕೈಯಲ್ಲಿ ಏನಿದೆ ಎಂದು ಪಟ್ಟಿ ಮಾಡಿ. ಆಮೇಲೆ ಪಟ್ಟಿಯನ್ನು ದೃಶ್ಯದ ಕ್ರಮದಿಂದ ಜಾಗದ ಕ್ರಮಕ್ಕೆ ತಿರುಗಿಸಿ. ಎಷ್ಟು ಸೆಟ್ ಬೇಕೆಂಬುದು ಆಗ ಕಾಣುತ್ತದೆ. ಒಡೆಯುವ, ಹರಿಯುವ, ಸುಡುವ ವಸ್ತುಗಳಿಗೆ ಬೇರೆ ಗುರುತು ಹಾಕಿ. ಒಂದೇ ಹೂಜಿ ತಂದಿಟ್ಟರೆ ಮೊದಲ ಟೇಕ್ ಕೆಟ್ಟ ಕ್ಷಣಕ್ಕೇ ಚಿತ್ರೀಕರಣ ನಿಲ್ಲುತ್ತದೆ. ಕನಿಷ್ಠ ನಾಲ್ಕೈದು ಇರಲಿ, ಎಲ್ಲವೂ ಒಂದೇ ಅಚ್ಚಿನವು.

ನಕ್ಷೆ ಮತ್ತು ಲೆನ್ಸು

ನೆಲದ ನಕ್ಷೆಗೆ ಸಾಮಾನ್ಯವಾಗಿ 1:50 ಪ್ರಮಾಣ, ಗೋಡೆಗಳ ಎದುರುನೋಟಕ್ಕೆ 1:25. ಗೋಡೆ 15 ಅಡಿಯಾದರೆ 1:50ರಲ್ಲಿ ಸುಮಾರು 9.1 ಸೆಂಟಿಮೀಟರ್. ಇದೇ ಅಳತೆಯಲ್ಲಿ ಬಿಳಿ ರಟ್ಟಿನ ಮಾದರಿ ಮಾಡಿಟ್ಟರೆ ನಿರ್ದೇಶಕರ ಜತೆಗಿನ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇನ್ನು ಹೊಸಬರು ಎಡವುವ ಜಾಗ. ಸಿನಿಮಾ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಸೂಪರ್ 35 ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ) ಅಗಲ ಹೆಚ್ಚುಕಡಿಮೆ 25 ಮಿಲಿಮೀಟರ್. ಕ್ಯಾಮೆರಾದಿಂದ ಗೋಡೆಗಿರುವ ದೂರವನ್ನು 25ರಿಂದ ಗುಣಿಸಿ, ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರಿನಿಂದ (ಫೋಕಲ್ ಲೆಂತ್) ಭಾಗಿಸಿದರೆ ಚೌಕಟ್ಟಿನಲ್ಲಿ ಕಾಣುವ ಅಗಲ ಸಿಗುತ್ತದೆ. 12 ಅಡಿ ದೂರದಿಂದ 25 ಎಂಎಂ ಲೆನ್ಸಿಗೆ 12 ಅಡಿ ಗೋಡೆ ಕಂಡರೆ, 50 ಎಂಎಂಗೆ 6 ಅಡಿ ಮಾತ್ರ. ಯಾವ ಲೆನ್ಸು ಬಳಸುತ್ತೀರಿ ಎಂದು ಛಾಯಾಗ್ರಾಹಕರನ್ನು ಕೇಳದೆ ಕಟ್ಟಿದರೆ, ಕಾಣದ ಗೋಡೆಗೆ ದುಡ್ಡು ಸುರಿದಿರುತ್ತೀರಿ, ಕಾಣುವ ಮೂಲೆ ಬರಿದಾಗಿರುತ್ತದೆ. 12 ಅಡಿಯ ಕೋಣೆಯಲ್ಲಿ ಕ್ಯಾಮೆರಾ ಮತ್ತು ಅದನ್ನು ಹಿಡಿದವರೇ ಮೂರು ಅಡಿ ತಿನ್ನುತ್ತಾರೆ. ಅದಕ್ಕೇ ಕನಿಷ್ಠ ಒಂದು ಗೋಡೆಯನ್ನಾದರೂ ಬಿಚ್ಚಿ ಸರಿಸುವಂತೆ ಮಾಡುವುದು. ನಟರು ಒಳಬರುವಾಗ ಬಾಗಿಲಿನ ಹಲಗೆಯೇ ಅವರ ಮುಖ ಮುಚ್ಚಬಾರದು. ಕೀಲು ಯಾವ ಬದಿಗೆಂದು ನಕ್ಷೆಯಲ್ಲೇ ಬರೆಯಿರಿ.

ಕಟ್ಟುವುದು, ಹಳೆಯದಾಗಿಸುವುದು

ಮರದ ಚೌಕಟ್ಟಿಗೆ 6 ಎಂಎಂ ಪ್ಲೈವುಡ್ ಬಡಿದು ಗೋಡೆ ಮಾಡುತ್ತಾರೆ. ಹಾಳೆಯ ಅಳತೆ 8 × 4 ಅಡಿ. ಅದಕ್ಕಿಂತ ಎತ್ತರದ ಗೋಡೆಯಲ್ಲಿ ಜೋಡಣೆಯ ಗೆರೆ ಎಲ್ಲಿ ಬೀಳುತ್ತದೆಂದು ಮೊದಲೇ ಯೋಚಿಸಬೇಕು. ಬಾಗಿಲು, ಕಿಟಕಿಗಳ ಅಂಚಿನಲ್ಲಿ ಗೋಡೆಯ ದಪ್ಪವನ್ನು ಹಲಗೆಯಿಂದ ತೋರಿಸದಿದ್ದರೆ ಮನೆ ರಟ್ಟಿನ ಪೆಟ್ಟಿಗೆಯಂತೆ ಕಾಣುತ್ತದೆ. ಜನ ಹತ್ತುವ ಅಟ್ಟ, ತಲೆಯ ಮೇಲಿನ ಭಾರ ಇದ್ದಲ್ಲಿ ಎಂಜಿನಿಯರರ ಒಪ್ಪಿಗೆ ಬೇಕೇ ಬೇಕು.

ಹೊಳೆಯುವ ಬಣ್ಣ ಬೇಡ, ದೀಪದ ಪ್ರತಿಬಿಂಬ ಹೊಡೆಯುತ್ತದೆ. ಅಪ್ಪಟ ಬಿಳಿಯೂ ಬೇಡ; ಬೆಳಕು ಬಿದ್ದಾಗ ವಿವರವೆಲ್ಲ ಅಳಿಸಿಹೋಗುತ್ತದೆ, ಸ್ವಲ್ಪ ಬೂದು ಬೆರೆಸಿ. ಪರದೆ, ಬಟ್ಟೆಗಳಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳಿದ್ದರೆ ಡಿಜಿಟಲ್ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ನಡುಗುತ್ತವೆ. ಗೋಡೆಯನ್ನು ಹಳೆಯದಾಗಿಸುವಾಗ ಎಲ್ಲೆಡೆ ಸಮನಾಗಿ ಕೊಳೆ ಬಳಿಯುವುದು ದೊಡ್ಡ ತಪ್ಪು. ಸ್ವಿಚ್ಚಿನ ಸುತ್ತ, ಹಿಡಿಕೆಯ ಪಕ್ಕ, ಕುರ್ಚಿಯ ಬೆನ್ನು ತಾಗುವಲ್ಲಿ, ನೀರು ಇಳಿಯುವಲ್ಲಿ ಮಾತ್ರ ಕೊಳೆ ಕೂರುತ್ತದೆ. ತೆಳುವಾಗಿ ಬಳಿದು ಒರೆಸಿ, ಮತ್ತೆ ಬಳಿಯಿರಿ.

ಬಜೆಟ್ಟಿನಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಸಾಗಣೆ ಮತ್ತು ಸೆಟ್ ಕೀಳುವ ಕೂಲಿ. ಅವನ್ನು ಸೇರಿಸಿದ ಮೇಲೂ ಶೇ 10ರಷ್ಟು ಕೈಯಲ್ಲಿ ಉಳಿಸಿಕೊಳ್ಳಿ. ಗೋಡೆಗೆ ತೂಗುಹಾಕುವ ಚಿತ್ರ, ಕಂಪನಿಯ ಗುರುತುಗಳಿಗೆ ಅನುಮತಿ ಇದೆಯೇ ನೋಡಿ. ದಿನದ ಕೊನೆಯಲ್ಲಿ ಸೆಟ್ಟಿನ ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಇಲ್ಲವಾದರೆ ಅರ್ಧ ಖಾಲಿಯಾಗಿದ್ದ ಲೋಟ ಮರುದಿನದ ಶಾಟ್‌ನಲ್ಲಿ ತುಂಬಿರುತ್ತದೆ.

ಒಳಗೆ ಹೋಗುವ ದಾರಿ

ವಾಸ್ತುಶಿಲ್ಪ, ಚಿತ್ರಕಲೆ, ಒಳಾಂಗಣ ವಿನ್ಯಾಸ, ರಂಗಭೂಮಿ, ಎಲ್ಲಿಂದಲಾದರೂ ಬರಬಹುದು. ರಂಗಭೂಮಿಯವರಿಗೆ ಒಂದು ಅನುಕೂಲ: ಕಡಿಮೆ ದುಡ್ಡಿನಲ್ಲಿ ಬೇಗ ಕಟ್ಟಿ ಬೇಗ ಬಿಚ್ಚುವುದು ಗೊತ್ತಿರುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ, ಮಾದರಿ ಮಾಡುವ ಆಟೋಕ್ಯಾಡ್, ಸ್ಕೆಚ್‌ಅಪ್ ಕಲಿಯಿರಿ. ಮೊದಲ ಕೆಲಸ ಕಲಾ ವಿಭಾಗದ ಸಹಾಯಕರದ್ದು: ಸಾಮಾನು ತರುವುದು, ಅಳೆಯುವುದು, ರಟ್ಟು ಕತ್ತರಿಸುವುದು. ಅಲ್ಲಿಂದ ಸಹಾಯಕ ಕಲಾ ನಿರ್ದೇಶಕ, ಬಳಿಕ ಕಲಾ ನಿರ್ದೇಶಕ.

ಅವಕಾಶ ಸಿಗುವವರೆಗೆ ಸುಮ್ಮನಿರಬೇಡಿ. ನೀವು ಮಲಗುವ ಕೋಣೆಯನ್ನೇ ಅಳೆದು 1:50ರಲ್ಲಿ ಬರೆಯಿರಿ. ಅಲ್ಲಿ ಮೂವತ್ತು ವರ್ಷ ಹಿಂದೆ ಒಬ್ಬ ದರ್ಜಿ ಇದ್ದನೆಂದುಕೊಂಡು ಮತ್ತೆ ವಿನ್ಯಾಸ ಮಾಡಿ. ಪೋರ್ಟ್‌ಫೋಲಿಯೊಗೆ ಇಂಥ ಮೂರು ಕೆಲಸ ಸಾಕು, ಪ್ರತಿಯೊಂದರಲ್ಲೂ ಪಟ್ಟಿ, ನಕ್ಷೆ, ಮಾದರಿ, ಖರ್ಚಿನ ಅಂದಾಜು ಇರಲಿ. ತಂಡದ ಕೆಲಸವಾಗಿದ್ದರೆ ನಿಮ್ಮ ಪಾಲು ಎಷ್ಟೆಂದು ಪುಟದ ಕೆಳಗೆ ಬರೆಯಿರಿ. ಬೇರೆಯವರ ನಕ್ಷೆ ತನ್ನದೆಂದು ತೋರಿಸಿದವರು, ಈ ಗೋಡೆಯ ಎತ್ತರ ಇಷ್ಟೇ ಏಕೆ ಎಂದು ಕೇಳಿದೊಡನೆ ಸಿಕ್ಕಿಬೀಳುತ್ತಾರೆ.