ಹೆಸರು ಕೇಳಲು ಹೋಗಿ ಗಂಟಲು ತುರಿಸಿಕೊಂಡದ್ದು

ಮುಂಬಯಿಯ ಗೋರೆಗಾಂವ್ ಕಡೆ 30 ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ಅಲ್ಲಿನ ಆರೆ ಕಾಲೋನಿಯ ವಾರ್ಲಿ ಆದಿವಾಸಿಗಳ ಪಾಡಾಗಳಲ್ಲಿ, ಅಂದರೆ ಹಾಡಿಗಳಲ್ಲಿ, ಗಿಡಗಳ ಹೆಸರು ಬರೆದುಕೊಳ್ಳುವ ಹುಚ್ಚು ಹತ್ತಿತು. ಹೆಸರು ಕೇಳುವುದೇನು ಮಹಾ ಅಂದುಕೊಂಡು, ಒಣಗಿಸಿ ಹಾಳೆಗೆ ಅಂಟಿಸಿದ 40 ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಸ್ಟೇಷನ್ ಹೊರಗೆ ಮಳೆಗಾಲದ ರಾನ್‌ಭಾಜಿ (ಕಾಡಿನ ಸೊಪ್ಪು-ತರಕಾರಿ) ಮಾರುವ ಮಾವ್ಶಿಯೊಬ್ಬರು (ಮಾವ್ಶಿ ಅಂದರೆ ಚಿಕ್ಕಮ್ಮ) ಹಾಳೆ ಎತ್ತಿ ಮೂಸಿದರು. "ಅಮ್ಮಾ, ಇದು ಸತ್ತುಹೋಗಿದೆ. ಏನಂತ ಹೇಳಲಿ?" ಅಂದರು. ಬಣ್ಣ ಹೋಗಿತ್ತು, ವಾಸನೆ ಇರಲಿಲ್ಲ, ಮುರಿದರೆ ರಸ ಬರುವುದಿಲ್ಲ. ಅವರು ಗುರುತು ಹಿಡಿಯುವುದೇ ಅವುಗಳಿಂದ. ಹಾಳೆಗಳನ್ನು ಮನೆಯಲ್ಲಿಟ್ಟು ಮರುದಿನದಿಂದ ಅವರ ಹಿಂದೆ ನಡೆದೆ.

ನಡೆದರೂ ಎಡವಿದೆ. ಕಂಡಕಂಡದ್ದನ್ನೆಲ್ಲ ತೋರಿಸಿ "ಇದೇನು?" ಎಂದು ಕೇಳುತ್ತಿದ್ದೆ. ಒಂದು ವಾರದ ನಂತರ ಪುಸ್ತಕ ನೋಡಿದರೆ 11 ಬೇರೆಬೇರೆ ಗಿಡಗಳ ಮುಂದೆ 'ಗವತ್' ಅಂತಿದೆ. ಗವತ್ ಅಂದರೆ ಹುಲ್ಲು. ತಿನ್ನಲು ಬಾರದ, ಮದ್ದಿಗೂ ಬೇಡದ ಪುಟ್ಟ ಗಿಡವೆಲ್ಲ ಅವರಿಗೆ ಗವತ್. ನನ್ನ ಕಾಟ ತಪ್ಪಿಸಲೂ ಗವತ್, ಅದು ಬೇರೆ ಮಾತು. ಅಂದಿನಿಂದ ಹೆಸರು ಕೇಳುವುದನ್ನು ಬಿಟ್ಟು, "ಇದರ ಜೊತೆಯದು ಯಾವುದು?" ಎಂದು ಕೇಳಲು ಶುರುಮಾಡಿದೆ.

ಜೂನ್‌ನ ಮೊದಲ ಮಳೆಗೆ ಶೇವಳೆ ಬಂತು. ನೆಲದೊಳಗಿನ ಗೆಡ್ಡೆಯಿಂದ ಮೊದಲು ಕಂದುಗೆಂಪಿನ ಹೂಕೋಲು ಏಳುತ್ತದೆ, ಎಲೆ ಬರುವುದು ಆಮೇಲೆ. ಸುವರ್ಣಗೆಡ್ಡೆಯ ಕುಲವೇ, ಅಮಾರ್ಫೊಫ್ಯಾಲಸ್. ಮಾವ್ಶಿ ಶೇವಳೆ ಕಟ್ಟಿನ ಜೊತೆ ಹಸಿರು ಕಾಕಡ್ ಕಾಯಿ ಒಂದು ಹಿಡಿ ಕೊಟ್ಟರು. ಕೊಸರು ಅಂದುಕೊಂಡು ಅದನ್ನು ಪಕ್ಕಕ್ಕಿಟ್ಟು ಪಲ್ಯ ಮಾಡಿದೆ. ಎರಡು ತುತ್ತಿಗೆ ಗಂಟಲೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಸೂಜಿಯೇ ಸರಿ, ಕ್ಯಾಲ್ಸಿಯಂ ಆಕ್ಸಲೇಟಿನ ಹರಳು. ಕುಮಟೆಯ ನಮ್ಮನೆಯಲ್ಲಿ ಹುಣಸೆಹುಳಿ ಇಲ್ಲದೆ ಪತ್ರೊಡೆ ಮಾಡಿದವರುಂಟೇ? ಕಾಕಡ್ ಅಂದರೆ ಅವರ ಹುಣಸೆ, ತುರಿಕೆ ತಡೆಯುವ ಹುಳಿ. ತರಗತಿಯಲ್ಲಿ ಈ ಹರಳಿನ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ!

ಮರುದಿನ ಮಾವ್ಶಿ ನಕ್ಕು ನಕ್ಕು ಸುಸ್ತಾದರು. ಆಮೇಲೆ ಬುಟ್ಟಿ ಸುರಿದು ಗುಂಪು ಮಾಡಿ ತೋರಿಸಿದರು. ಶೇವಳೆ, ಸುರಣ್ (ಸುವರ್ಣಗೆಡ್ಡೆ), ಅಳೂ (ಕೆಸು) ಒಂದು ಕಡೆ, ಅವು 'ಖಾಜ್ರಿ', ಅಂದರೆ ತುರಿಸುವಂಥವು, ಹುಳಿ ಬೇಕು. ಬಾರಂಗಿ ಕಹಿ, ಬೇಯಿಸಿ ನೀರು ಹಿಂಡಿ ಚೆಲ್ಲಬೇಕು. ಟಾಕಳಾ, ಅಂದರೆ ನಮ್ಮ ತಗಟೆ ಸೊಪ್ಪು, ಎಳೆಯದಾಗಿದ್ದರೆ ನೇರ ಒಗ್ಗರಣೆಗೆ. ಖಾಜ್‌ಕುಯಿಲಿ, ನಮ್ಮ ನಸುಗುನ್ನಿ, ಯಾವ ಗುಂಪಿಗೆ ಅಂದೆ. "ಅದು ಕೈ ತುರಿಸುತ್ತದೆ, ಇದು ಗಂಟಲು. ಎರಡೂ ಒಂದೇನಾ?" ಎಂದು ನನ್ನನ್ನೇ ಕೇಳಿದರು. ಖಾಜ್ರಿ ಗುಂಪಿನ ಮೂರೂ ನಮ್ಮ ಪುಸ್ತಕದ ಅರೇಸಿ ಕುಟುಂಬದವೇ. ಅಡುಗೆಮನೆಯಿಂದ ಹೊರಟರೂ ಅಲ್ಲಿಗೇ ತಲುಪಿದ್ದರು.

ಕನ್ನಡದಲ್ಲೂ ಇದೇ ಜಾಣತನ ಇದೆ. ಬೆಟ್ಟದ ನೆಲ್ಲಿ ಮರ, ನೆಲನೆಲ್ಲಿ ಗೇಣುದ್ದದ ಗಿಡ. ಎರಡಕ್ಕೂ ನೆಲ್ಲಿ ಅಂದಿದ್ದೇವೆ, ಮರಾಠಿಯವರು ಆವಳಾ, ಭುಯಿಆವಳಾ ಅಂದಿದ್ದಾರೆ. ಸಸ್ಯಶಾಸ್ತ್ರವೂ ಎರಡನ್ನೂ ಫಿಲ್ಲಾಂಥಸ್ ಕುಲಕ್ಕೇ ಸೇರಿಸುತ್ತದೆ. ಮೆಕ್ಸಿಕೊದ ತ್ಸೆಲ್ಟಾಲ್ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಬ್ರೆಂಟ್ ಬರ್ಲಿನ್ ಮತ್ತು ಸಂಗಡಿಗರು 1973ರಲ್ಲಿ ಹೇಳಿದ್ದೂ ಇದನ್ನೇ: ಮೇಲೆ ಮರ, ಬಳ್ಳಿಯಂಥ ದೊಡ್ಡ ಗುಂಪು, ಅದರ ಕೆಳಗೆ ನೆಲ್ಲಿಯಂಥ ಒಂಟಿ ಹೆಸರು, ಇನ್ನೂ ಕೆಳಗೆ ವಿಶೇಷಣ ಅಂಟಿದ ಜೋಡಿ ಹೆಸರು. ಒಪ್ಪುವಂಥದ್ದೇ, ಆದರೆ ಹುಳಿ ಬೇಕೋ ಬೇಡವೋ ಎಂಬ ವಿಂಗಡಣೆ ಆ ಏಣಿಯ ಯಾವ ಮೆಟ್ಟಿಲಲ್ಲೂ ಕೂರುವುದಿಲ್ಲ. ನನ್ನ ಪುಸ್ತಕದಲ್ಲಿ ಈಗ ಅದಕ್ಕೇ ಒಂದು ಕಾಲಂ ಇದೆ. ಹೆಸರನ್ನು ಕೇಳಿದ ಹಾಗೇ ಬರೆಯುತ್ತೇನೆ, ಮರಾಠಿ ಕಾಗುಣಿತಕ್ಕೆ ತಿದ್ದುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಂದು ಪಾಡಾದಲ್ಲಿ ಮತ್ತೆ ಕೇಳುತ್ತೇನೆ. ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಬಾರಂಗಿ ಕಟ್ಟುತ್ತ ಮಾವ್ಶಿ, ನಿಮ್ಮ ಕಡೆ ಇದಕ್ಕೇನಂತೀರಿ ಅಂದರು. ಗಂಟುಬಾರಂಗಿ ಅಂದೆ. ಗಂಟು ಅಂದರೆ ಗಾಂಠ್ ಎಂದೂ ಬಿಡಿಸಿ ಹೇಳಿದೆ.

"ಎಲ್ಲಿದೆ ಗಾಂಠ್?"

ಚಿಕ್ಕಂದಿನಿಂದ ಹೇಳುತ್ತ ಬಂದ ಹೆಸರು, ಒಂದು ದಿನವೂ ಹುಡುಕಿರಲಿಲ್ಲ. ಮಾವ್ಶಿ ಆಗಲೇ ಕಟ್ಟು ಬಿಚ್ಚಿ, ಒಂದು ಕಾಂಡವನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು.