ಹಳೆಯ ಲಂಡನ್ನಿನ ಬೀದಿಮಾತನ್ನು ಕನ್ನಡಕ್ಕೆ ತರುವಾಗ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗದ್ಯವನ್ನು ಕನ್ನಡಕ್ಕೆ ತರುವಾಗ ನನಗೆ ಹೆಚ್ಚು ಹೊತ್ತು ಹಿಡಿಯುವುದು ಬೀದಿ ವ್ಯಾಪಾರಿಗಳು, ಜೇಬುಗಳ್ಳರು, ಸಿಪಾಯಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು. ಇಲ್ಲಿ ಇಂದಿನ ನಿಘಂಟು ಎಷ್ಟೋ ಬಾರಿ ದಾರಿ ತಪ್ಪಿಸುತ್ತದೆ. ‘ಪ್ರಿಗ್’ ಎಂದರೆ ಈಗ ತನ್ನ ನಡತೆಯ ಶುದ್ಧಿಯನ್ನೇ ಮೆರೆಸುವವನು. ಹಳೆಯ ಲಂಡನ್ನಿನ ಗಲ್ಲಿಗಳಲ್ಲಿ ಅವನು ಕಳ್ಳ. ‘ಬೀಕ್’ ಮ್ಯಾಜಿಸ್ಟ್ರೇಟ್, ‘ಫೆನ್ಸ್’ ಕದ್ದ ಮಾಲನ್ನು ಕೊಳ್ಳುವವನು. ಆದ್ದರಿಂದ ಒಂದು ಪದದ ಅರ್ಥ ಹುಡುಕುವ ಮೊದಲು ಅದನ್ನು ಯಾರು, ಯಾವ ಕಾಲದಲ್ಲಿ, ಯಾರ ಕಿವಿ ತಪ್ಪಿಸಲು ಆಡಿದರು ಎಂಬುದನ್ನು ಗೊತ್ತುಮಾಡಿಕೊಳ್ಳುತ್ತೇನೆ.

ಮೊದಲು ನೋಡುವುದು ಜೊನಾಥನ್ ಗ್ರೀನ್ ಅವರು 2010ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಬೀದಿಮಾತಿನ ನಿಘಂಟನ್ನು, ಏಕೆಂದರೆ ಅದರಲ್ಲಿ ಪ್ರತಿ ಅರ್ಥಕ್ಕೂ ಇಸವಿಯೊಡನೆ ಬಳಕೆಯ ಉದಾಹರಣೆಗಳಿವೆ. ಅನಂತರ ನನ್ನ ಪಠ್ಯದ ಕಾಲಕ್ಕೆ ಹತ್ತಿರವಿರುವ ಸಂಗ್ರಹಕ್ಕೆ ಹೋಗುತ್ತೇನೆ: ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ್ದು, ಇಲ್ಲವೇ ಜಾನ್ ಕ್ಯಾಮ್ಡೆನ್ ಹಾಟನ್‌ನ 1859ರದು. ಇವೆಲ್ಲವುಗಳಿಗಿಂತ ನನಗೆ ಹೆಚ್ಚು ನಂಬಿಕೆ ಜೇಮ್ಸ್ ಹಾರ್ಡಿ ವಾಕ್ಸ್‌ನ ಚಿಕ್ಕ ಪದಕೋಶದ ಮೇಲೆ. ಕಳ್ಳತನಕ್ಕಾಗಿ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿದ್ದ ಆತ ಅದನ್ನು 1812ರಲ್ಲಿ ಅಲ್ಲಿನ ನ್ಯೂಕ್ಯಾಸಲ್‌ನಲ್ಲಿ ಕೈದಿಯಾಗಿದ್ದಾಗ ಬರೆದ. 1819ರಲ್ಲಿ ಅವನ ಆತ್ಮಕಥೆಯೊಡನೆ ಅದು ಅಚ್ಚಾಯಿತು. ಆ ಮಾತನ್ನು ಆಡಿ ಬದುಕಿದವನೇ ಕೊಟ್ಟ ಅರ್ಥಕ್ಕೆ ಬೇರೆಯೇ ತೂಕವಿದೆ.

ಭಾಷೆಯನ್ನೇ ಹೆಸರಿಸುವ ಪದಗಳು ಇನ್ನಷ್ಟು ಎಚ್ಚರ ಬೇಡುತ್ತವೆ. ವಾಕ್ಸ್‌ಗೆ ಕಳ್ಳರ ನುಡಿ ‘ಫ್ಲ್ಯಾಶ್’, ಮಾತಾಡುವುದು ‘ಪ್ಯಾಟರ್’. ‘ಕ್ಯಾಂಟ್’ ಅದಕ್ಕೂ ಹಳೆಯದು, ಭಿಕ್ಷುಕರಿಗೂ ಅಲೆಮಾರಿಗಳಿಗೂ ಅಂಟಿಕೊಂಡದ್ದು. ‘ಸ್ಲ್ಯಾಂಗ್’ ಎಂಬುದೂ ಹದಿನೆಂಟನೆಯ ಶತಮಾನದ ನಡುವೆ ಮೊದಲು ಕಾಣಿಸಿಕೊಂಡಾಗ ಕೆಳವರ್ಗದ ಕಳ್ಳಕಾಕರ ಮಾತೆಂದೇ ಅರ್ಥವಾಗುತ್ತಿತ್ತು. ಇವೆಲ್ಲಕ್ಕೂ ‘ಗ್ರಾಮ್ಯ’ ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಇವು ಹಳ್ಳಿಯ ಮಾತುಗಳಲ್ಲ, ಮಹಾನಗರದ ಇಕ್ಕಟ್ಟಿನಲ್ಲಿ ಹುಟ್ಟಿದವು. ಸಂದರ್ಭ ನೋಡಿ ‘ಕಳ್ಳರ ನುಡಿ’, ‘ಮರೆಮಾತು’, ‘ಬೀದಿಮಾತು’ ಎಂದು ಬೇರೆಬೇರೆಯಾಗಿಯೇ ಬರೆಯುತ್ತೇನೆ.

ಅತ್ಯಂತ ಕಠಿಣವಾದದ್ದು ತಳ್ಳುಗಾಡಿ ವ್ಯಾಪಾರಿಗಳ ತಿರುಗುಮುರುಗು ಮಾತು. ಪತ್ರಕರ್ತ ಹೆನ್ರಿ ಮೇಹ್ಯೂ 1851ರ ಹೊತ್ತಿಗೆ ಲಂಡನ್ನಿನ ಬಡಜನರ ನಡುವೆ ಅದನ್ನು ಕೇಳಿ ಬರೆದಿಟ್ಟ. ಪೆನ್ನಿಯನ್ನು ತಿರುಗಿಸಿದರೆ ‘ಯೆನೆಪ್’, ಹೌದು ಎನ್ನುವ ‘ಯೆಸ್’ ತಿರುಗಿ ‘ಸೇ’, ಇಲ್ಲ ಎನ್ನುವ ‘ನೋ’ ತಿರುಗಿ ‘ಆನ್’. ‘ಕೂಲ್ ದಿ ಎಸ್ಲಾಪ್’ ಎಂದರೆ ‘ಪೊಲೀಸನನ್ನು ನೋಡು’. ಗಿರಾಕಿಗೂ ಪೊಲೀಸನಿಗೂ ತಿಳಿಯದಂತೆ ಆಡುವ ಎಚ್ಚರಿಕೆ ಅದು. ನಮ್ಮ ಮಕ್ಕಳ ‘ಕ’ ಭಾಷೆಯನ್ನು ಇಲ್ಲಿ ಬಳಸಬಹುದೇ ಎಂದು ಯೋಚಿಸಿ ಬಿಟ್ಟೆ: ಅದು ಆಟ, ಇದು ಹೊಟ್ಟೆಪಾಡಿನ ಕಾವಲು. ಬದಲಿಗೆ ಕನ್ನಡ ಪದಗಳನ್ನೇ ಅಕ್ಷರ ಅಕ್ಷರವಾಗಿ ತಿರುಗಿಸಿದೆ. ‘ಹಣ’ ತಿರುಗಿದರೆ ‘ಣಹ’ ಆಗುತ್ತದೆ. ‘ಣ’ಕಾರದಿಂದ ಮೊದಲಾಗುವ ಪದ ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ‘ಕಾಸು’ ಮಾತ್ರ ಸಲೀಸಾಗಿ ‘ಸುಕಾ’ ಆಯಿತು, ‘ಪೊಲೀಸ’ ‘ಸಲೀಪೊ’ ಆದ. ಓದುಗರು ಒಂದೆರಡು ಪುಟಗಳಲ್ಲಿ ಗುಟ್ಟು ಬಿಡಿಸಿಕೊಳ್ಳಬಲ್ಲಷ್ಟು, ಪಾತ್ರಗಳ ಪಕ್ಕದಲ್ಲಿ ನಿಂತ ಗಿರಾಕಿ ಬಿಡಿಸಲಾರದಷ್ಟು ಮರೆ ಅದರಲ್ಲಿ ಉಳಿಯಿತು. ಇಂಥ ಪದಗಳನ್ನು ಒಂದೇ ಸಂಭಾಷಣೆಯಲ್ಲಿ ಒತ್ತೊತ್ತಾಗಿ ತುಂಬುವುದಿಲ್ಲ, ಮೂಲದಲ್ಲಿ ಬಂದಷ್ಟೇ ಇಡುತ್ತೇನೆ.

ಸಿಪಾಯಿಗಳ ಮಾತಿನಲ್ಲಿ ನಮ್ಮ ದೇಶದಿಂದಲೇ ಹೋದ ಪದಗಳು ಎದುರಾಗುತ್ತವೆ. ‘ಪಕ್ಕಾ’ ಬಂದರೆ ಹಾಗೆಯೇ ಉಳಿಸುತ್ತೇನೆ. ಕನ್ನಡದಲ್ಲಿ ಅದು ದಿನಬಳಕೆಯದು. ‘ಬ್ಲೈಟಿ’ ಹಾಗಲ್ಲ. ‘ವಿಲಾಯತಿ’ಯಿಂದ ಹೊರಟ ಆ ಪದಕ್ಕೆ ಬ್ರಿಟಿಷ್ ಸಿಪಾಯಿಯ ಬಾಯಲ್ಲಿ ತನ್ನ ಊರು, ಅಂದರೆ ಇಂಗ್ಲೆಂಡ್, ಎಂಬ ಅರ್ಥ ಬಂತು, ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಊರಿಗೆ ಕಳುಹಿಸುವಷ್ಟು ದೊಡ್ಡದಾದ ಗಾಯಕ್ಕೂ ಅದೇ ಹೆಸರಾಯಿತು. ಅದನ್ನು ‘ವಿಲಾಯತಿ’ ಎಂದು ಮರಳಿ ತಂದರೆ ಕನ್ನಡದ ಓದುಗರಿಗೆ ಪರದೇಶ ಕಾಣುತ್ತದೆ, ಸಿಪಾಯಿಯ ಮನೆಯ ಹಂಬಲ ಕಾಣುವುದಿಲ್ಲ. ಹೀಗಾಗಿ ‘ಬ್ಲೈಟಿ’ ಎಂದೇ ಬರೆದು, ಮೊದಲ ಸಲ ಬಂದಲ್ಲಿ ಅಡಿಟಿಪ್ಪಣಿ ಕೊಟ್ಟು, ಮುಂದಿನ ಸಾಲುಗಳಲ್ಲಿ ಅದನ್ನು ಅವನ ಪದವಾಗಿಯೇ ಬಿಡುತ್ತೇನೆ.