4294967297: ಪೆನ್ನು, ಕಾಗದ ಮತ್ತು 128ರ ಮಗ್ಗಿ

429 ಕೋಟಿ 49 ಲಕ್ಷ 67 ಸಾವಿರದ 297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ ಇದು. ಎರಡರ 1, 2, 4, 8, 16ನೇ ಘಾತಗಳಿಗೂ ಹೀಗೇ ಒಂದು ಕೂಡಿಸಿದರೆ ಇದೇ ಸಾಲಿನಲ್ಲಿ ಇದಕ್ಕೆ ಮೊದಲು ಬರುವ 3, 5, 17, 257, 65537 ಸಿಗುತ್ತವೆ; ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆಯನ್ನು ಭಾಜಕಗಳಾಗಿ ಒಡೆದ. ಕಂಪ್ಯೂಟರ್ ಇಲ್ಲದೆ ಹೇಗೆ ಅಂತ ನೋಡಲು ನಾನೂ ಕಾಗದ ಹಿಡಿದು ಕೂತೆ.

ಸುಮ್ನೆ 3, 7, 11 ಅಂತ ಭಾಗಿಸುತ್ತಾ ಹೋದರೆ 65536ರವರೆಗೂ ಹೋಗಬೇಕಾದೀತು. ಅಷ್ಟರೊಳಗೆ ಆರೂವರೆ ಸಾವಿರದಷ್ಟು ಅವಿಭಾಜ್ಯಗಳಿವೆ. ಯಾರಿಗೆ ಬೇಕು?

ದಾರಿ ಸಂಖ್ಯೆಯ ಆಕಾರದಲ್ಲೇ ಇದೆ. ಯಾವುದೋ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಅದರಿಂದ 2, 4, 8, 16 ಹೀಗೆ ಎರಡರ ಘಾತಗಳನ್ನು ಭಾಗಿಸುತ್ತಾ ಹೋದರೆ, 32ನೆಯದರಲ್ಲಿ ಶೇಷ ಮೈನಸ್ ಒಂದು, 64ನೆಯದರಲ್ಲಿ ಒಂದು. ಅದಕ್ಕೂ ಮೊದಲು ಒಂದು ಬರುವುದೇ ಇಲ್ಲ. ಅಂದರೆ ಶೇಷಗಳ ಸುತ್ತು 64 ಹೆಜ್ಜೆಯದ್ದು. ಫರ್ಮಾನದೇ ಇನ್ನೊಂದು ಪ್ರಮೇಯದ ಪ್ರಕಾರ, ಭಾಜಕದಿಂದ ಒಂದು ಕಳೆದರೆ ಉಳಿಯುವುದು 64ರಿಂದ ಭಾಗವಾಗಲೇಬೇಕು. ಅವನ ಊಹೆಯನ್ನು ಉರುಳಿಸಿದ್ದು ಅವನದೇ ಪ್ರಮೇಯ! 1878ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಈ 64ನ್ನು 128ಕ್ಕೆ ಏರಿಸಿದ.

ಈಗ 128ರ ಮಗ್ಗಿ ಹೇಳಿ ಒಂದೊಂದು ಕೂಡಿಸಿ: 129, 257, 385, 513, 641. ಮೊದಲನೆಯದೂ ನಾಲ್ಕನೆಯದೂ 3ರಿಂದ ಹೋಗುತ್ತವೆ, 385 ಐದರಿಂದ. 257 ಇದೇ ಸಾಲಿನದ್ದು, ಅದರಿಂದ ಭಾಗಿಸಿದರೆ ಶೇಷ 2. ಉಳಿದದ್ದು 641. ಭಾಗಿಸಿದೆ: 6700417, ಶೇಷ ಸೊನ್ನೆ.

6700417 ಅವಿಭಾಜ್ಯವೇ? ಅದರ ಭಾಜಕಗಳಿಗೂ ಅದೇ ಮಗ್ಗಿ ಅನ್ವಯಿಸುತ್ತದೆ. ವರ್ಗಮೂಲ 2589ಕ್ಕಿಂತ ಕಡಿಮೆ. ಅಲ್ಲಿಯವರೆಗೆ ಪರೀಕ್ಷಿಸಬೇಕಾದವು 641, 769, 1153, 1409, ಇಷ್ಟೇ. ಶೇಷಗಳು 44, 120, 334, 622. ಮುಗಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ವರ್ಗಗಳ ಆಟ. ನಮ್ಮ ಸಂಖ್ಯೆ ಹೇಗೂ 65536ರ ವರ್ಗ ಮತ್ತು 1ರ ವರ್ಗದ ಮೊತ್ತ. 641 ಅಂದರೆ 25ರ ವರ್ಗ, 4ರ ವರ್ಗ. 6700417ಕ್ಕೆ ಹುಡುಕಬೇಕಾಯಿತು. ಕೊನೆಯಂಕಿ 7 ಬರಬೇಕಾದರೆ ಒಂದು ವರ್ಗ 1ರಲ್ಲೂ ಇನ್ನೊಂದು 6ರಲ್ಲೂ ಮುಗಿಯಬೇಕು. ಹಾಗಾಗಿ 1 ಅಥವಾ 9ರಲ್ಲಿ ಕೊನೆಯಾಗುವ ಸಂಖ್ಯೆಗಳ ವರ್ಗ ಕಳೆಯುತ್ತಾ ಹೋದರೆ ಸಾಕು. ಬೇಜಾರಿನ ಕೆಲಸವೇ, ಆದರೆ 409ರಲ್ಲಿ ಸಿಗುತ್ತದೆ, ಜೊತೆಗಾರ 2556. ಎರಡು ವರ್ಗಗಳ ಮೊತ್ತಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಎರಡು ಬಗೆಯಲ್ಲಿ, ಅನ್ನುವ ಬ್ರಹ್ಮಗುಪ್ತನ ಸೂತ್ರದಂತೆ ಈ ಎರಡು ಜೋಡಿಗಳನ್ನು ಗುಣಿಸಿದೆ. 25 ಸಲ 409 ಅಂದರೆ 10225, 4 ಸಲ 2556 ಅಂದರೆ 10224. ಕಳೆದರೆ ಒಂದು! ಅದೇ ಹಳೆಯ 65536 ಮತ್ತು 1ರ ಜೋಡಿ. ಕೂಡಿಸಿದರೆ 20449. ಅದರ ಜೊತೆಗಾರ 62264. ನಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ ಎರಡನೇ ಜೋಡಿ ಇರುತ್ತಲೇ ಇರಲಿಲ್ಲ. ಅಂದಹಾಗೆ 20449 ತಾನೇ 143ರ ವರ್ಗ.

ಸಾಲಿನಲ್ಲಿ ಮುಂದಿನದು 20 ಅಂಕಿಯದ್ದು. ಅಲ್ಲಿ 256ರ ಮಗ್ಗಿ, ಚಿಕ್ಕ ಭಾಜಕ 274177. ಅಂದರೆ ಮಗ್ಗಿಯನ್ನು 1071ರವರೆಗೆ ಹೇಳಬೇಕು. ಅದಕ್ಕೆ ನಾನು ಕೈ ಹಾಕಿಲ್ಲ.